ಲೂಸಿ ವಿಲ್ಸ್ ಮತ್ತು ಒಂದು ಡಬ್ಬಿ ಮಾರ್ಮೈಟ್

ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸರಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯಾದಾಗ ಕೊಡೋದು ಅದೇ ಕೆಂಪು ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತೆ. ಕಬ್ಬಿಣದ ವಿಷಯ ಎಲ್ಲರಿಗೂ ಗೊತ್ತು. ಆದರೆ ಆ ಇನ್ನೊಂದರ ಕಥೆ ಶುರುವಾಗಿದ್ದು ಬಾಂಬೆಯಲ್ಲಿ, ಬಟ್ಟೆ ಗಿರಣಿಗಳಲ್ಲಿ ದುಡಿಯೋ ಹೆಂಗಸರಿಂದ. ಅದನ್ನು ಹುಡುಕಿಕೊಂಡು ಹೊರಟವರು ಲೂಸಿ ವಿಲ್ಸ್.

ಲೂಸಿ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನ ಓದಿ 1911ರಲ್ಲಿ ಮುಗಿಸಿದರು. ಪರೀಕ್ಷೆ ಪಾಸ್, ಡಿಗ್ರಿ ಮಾತ್ರ ಇಲ್ಲ! ಆಗ ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪದವಿ ಕೊಡುತ್ತಿರಲಿಲ್ಲ. ಆಮೇಲೆ ಮೆಡಿಸಿನ್ ಕಡೆ ತಿರುಗಿ, 1920ರಲ್ಲಿ, 32ನೇ ವಯಸ್ಸಿಗೆ ಡಾಕ್ಟರ್ ಆದರು. ಪ್ರಾಕ್ಟೀಸ್ ಮಾಡಲಿಲ್ಲ, ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಲ್ಯಾಬ್ ಸೇರಿದರು.

1928ರಲ್ಲಿ ಬಾಂಬೆಯಿಂದ ಕರೆ ಬಂತು. ಅಲ್ಲಿ ಬಡ ಗರ್ಭಿಣಿಯರಿಗೆ ವಿಪರೀತ ರಕ್ತಹೀನತೆ, ಎಷ್ಟೋ ಜನ ಹೆರಿಗೆ ಹೊತ್ತಿಗೆ ಸಾಯುತ್ತಿದ್ದರು. ವಿಚಿತ್ರ ಏನಂದರೆ, ಅವರ ಕೆಂಪು ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆ, ಆದರೆ ಗಾತ್ರದಲ್ಲಿ ದೊಡ್ಡವು. ಕಾರಣ ಈಗ ಗೊತ್ತು: ಫೋಲಿಕ್ ಆಸಿಡ್ ಇಲ್ಲದಿದ್ದರೆ ಡಿಎನ್‌ಎ ಸರಿಯಾಗಿ ತಯಾರಾಗಲ್ಲ. ಕಣ ಬೆಳೆಯುತ್ತೆ, ಒಡೆದು ಎರಡಾಗಲ್ಲ. ಆಗ ಇದು ಯಾರಿಗೂ ಗೊತ್ತಿರಲಿಲ್ಲ. ಇಂಥ ರಕ್ತಹೀನತೆಗೆಲ್ಲ ಕರುಳಿನ ಬ್ಯಾಕ್ಟೀರಿಯಾಗಳ ವಿಷವೇ ಕಾರಣ ಅನ್ನೋ ವಾದವೂ ಆ ಕಾಲದಲ್ಲಿತ್ತು.

ಲೂಸಿ ಅಡುಗೆಮನೆ ಕಡೆ ನೋಡಿದರು. ಯಾರು ಏನು ತಿಂತಾರೆ ಅಂತ ಲೆಕ್ಕ ಹಾಕಿದಾಗ, ತರಕಾರಿ, ಹಣ್ಣು, ಹಾಲು ಸಿಗದ ಬಡ ಮನೆಗಳಲ್ಲೇ ಕಾಯಿಲೆ ಜಾಸ್ತಿ ಅಂತ ಕಂಡಿತು. ಅದೇ ಊಟವನ್ನು ಲ್ಯಾಬಿನ ಇಲಿಗಳಿಗೆ ಹಾಕಿದರು. ಅವಕ್ಕೂ ರಕ್ತ ಕಡಿಮೆಯಾಯಿತು. ಇಲ್ಲೊಂದು ಎಡವಟ್ಟು ಇದೆ. ಇಲಿಗಳ ಮೈಯ ಹೇನಿನಿಂದ ಹರಡಿದ ಬಾರ್ಟೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾವೂ ರಕ್ತ ಕಡಿಮೆ ಮಾಡಿರಬಹುದು ಅಂತ ಆಮೇಲೆ ಅನುಮಾನ ಬಂತು. ನಮ್ಮ ಲ್ಯಾಬ್ ರೆಕಾರ್ಡ್ ಆಗಿದ್ದರೆ ರಿಪೀಟ್ ಬರೆಸುತ್ತಿದ್ದರು. ಅವರೂ ಮಾಡಿದ್ದು ಅದನ್ನೇ, ಕೋತಿಗಳ ಮೇಲೆ.

ಗೆದ್ದಿದ್ದು ಮಾರ್ಮೈಟ್. ಬಿಯರ್ ಮಾಡಿ ಉಳಿದ ಯೀಸ್ಟಿನಿಂದ ತಯಾರಾಗೋ, ಬ್ರೆಡ್ಡಿಗೆ ಸವರುವ ಕಪ್ಪು, ಉಪ್ಪುಪ್ಪು ಪೇಸ್ಟ್ ಅದು. ಯೀಸ್ಟ್ ಕೂಡ ಒಂದು ಸೂಕ್ಷ್ಮಜೀವಿಯೇ ಅಲ್ವಾ? ಕೆಲವರು ದೂರುತ್ತಿದ್ದ ಜೀವಿಗಳ ದೂರದ ನೆಂಟ ಔಷಧಿ ಆಯಿತು! ಪಿತ್ತಜನಕಾಂಗದಿಂದ, ಅಂದರೆ ಲಿವರ್‌ನಿಂದ ಮಾಡಿದ ಔಷಧಿಯೂ ಕೆಲಸ ಮಾಡುತ್ತಿತ್ತು, ಆದರೆ ಅದು ದುಬಾರಿ. ಮಾರ್ಮೈಟ್ ಅಗ್ಗ. ಗರ್ಭಿಣಿಯರಿಗೆ ಕೊಟ್ಟಾಗ ರಕ್ತ ಏರಿತು, ಜನ ಎದ್ದು ಕೂತರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಅವರ ಮುಂದಿನ ಪ್ರಯೋಗ. ಲಿವರ್ ಔಷಧಿಯನ್ನು ಶುದ್ಧ ಮಾಡುತ್ತಾ ಹೋದರೆ ಅದು ಈ ಕಾಯಿಲೆಗೆ ಕೆಲಸ ಮಾಡೋದೇ ನಿಲ್ಲಿಸುತ್ತೆ ಅಂತ ತೋರಿಸಿದರು. ಅಂದರೆ ಗುಣ ಮಾಡುತ್ತಿದ್ದ ವಸ್ತು ಬೇರೆಯೇ, ಶುದ್ಧ ಮಾಡುವಾಗ ಸೋಸಿ ಹೋಗುತ್ತಿದ್ದದ್ದು. ಅದೇನು ಅಂತ ಗೊತ್ತಾಗದೆ ಜನ ಅದಕ್ಕೆ ವಿಲ್ಸ್ ಫ್ಯಾಕ್ಟರ್ ಅಂತ ಹೆಸರಿಟ್ಟರು.

1941ರಲ್ಲಿ ಅಮೆರಿಕದಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಚೂರೇ ಚೂರು ಫೋಲಿಕ್ ಆಸಿಡ್ ತೆಗೆದರು. ಅದನ್ನು ಪತ್ತೆ ಹಚ್ಚೋಕೆ ಬಳಸಿದ್ದು ಒಂದು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು. ಆಮೇಲೆ ಲ್ಯಾಬಿನಲ್ಲೇ ತಯಾರಿಸಿದ ತಂಡದ ಮುಖ್ಯಸ್ಥರು ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಕರುಳಿನ ಕೆಲವು ಬ್ಯಾಕ್ಟೀರಿಯಾಗಳೂ ಫೋಲೇಟ್ ತಯಾರಿಸುತ್ತವೆ ಅಂತ ಈಗ ಗೊತ್ತಾಗಿದೆ. ಆದರೂ ಬಸುರಿಗೆ ಬೇಕಾದಷ್ಟು ಅದರಿಂದ ಮಾತ್ರ ಸಿಗಲ್ಲ.

ಲೂಸಿ ಮದುವೆ ಆಗಲಿಲ್ಲ. ಬೆಟ್ಟ ಹತ್ತುತ್ತಿದ್ದರು, ಸೈಕಲ್ ತುಳಿಯುತ್ತಿದ್ದರು. 1947ರಲ್ಲಿ ನಿವೃತ್ತರಾದ ಮೇಲೂ ಜಮೈಕಾ, ಫಿಜಿ ಅಂತ ಸುತ್ತಿ ಪೌಷ್ಟಿಕತೆ, ರಕ್ತಹೀನತೆಯನ್ನೇ ಅಧ್ಯಯನ ಮಾಡಿದರು. ಕೊನೆಗಾಲದಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಲೇಬರ್ ಪಕ್ಷದ ಕೌನ್ಸಿಲರ್ ಕೂಡ ಆಗಿದ್ದರು. 1964ರ ಏಪ್ರಿಲ್ 16ರಂದು ತೀರಿಕೊಂಡರು. ಬಸುರಿಗೆ ಮುಂಚೆಯಿಂದಲೇ ಫೋಲಿಕ್ ಆಸಿಡ್ ತಗೊಂಡರೆ ಮಗುವಿನ ಬೆನ್ನುಹುರಿಯ ದೋಷಗಳೂ ತಪ್ಪುತ್ತವೆ ಅಂತ ದೊಡ್ಡ ಪ್ರಯೋಗವೊಂದು ಖಚಿತಪಡಿಸಿದ್ದು 1991ರಲ್ಲಿ, ಅವರು ಹೋಗಿ 27 ವರ್ಷ ಆದ ಮೇಲೆ.