ದೊರೆಯ ಎದೆಯೊಳಗಿನ ಸೀಳು

ಬ್ರಿಟನ್ನಿನ ದೊರೆ ಎರಡನೆಯ ಜಾರ್ಜ್ 1683ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಜನಿಸಿದನು. 1727ರಲ್ಲಿ ಪಟ್ಟವೇರಿದನು. 1743ರ ಡೆಟ್ಟಿಂಗನ್ ಕಾಳಗದಲ್ಲಿ ತಾನೇ ಸೇನೆಯನ್ನು ನಡೆಸಿದನು. ಅನಂತರ ಯಾವ ಬ್ರಿಟಿಷ್ ಅರಸನೂ ಹಾಗೆ ರಣರಂಗಕ್ಕಿಳಿದುದಿಲ್ಲ.

1760ರ ಅಕ್ಟೋಬರ್ 25ರ ಬೆಳಗ್ಗೆ ಕೆನ್ಸಿಂಗ್ಟನ್ ಅರಮನೆಯಲ್ಲಿ ಎಂದಿನಂತೆ ಚಾಕೊಲೇಟ್ ಪಾನೀಯ ಕುಡಿದು ಶೌಚಕ್ಕೆ ಹೋದ ದೊರೆ ಕುಸಿದುಬಿದ್ದು ಅಸುನೀಗಿದನು. ವಯಸ್ಸು 76. ವೈದ್ಯ ಫ್ರಾಂಕ್ ನಿಕೋಲ್ಸ್ ಶವಪರೀಕ್ಷೆ ಮಾಡಿದಾಗ ಹೃದಯದ ಸುತ್ತಣ ಚೀಲದಲ್ಲಿ ರಕ್ತ ತುಂಬಿ ಹೆಪ್ಪುಗಟ್ಟಿತ್ತು. ಮಹಾಧಮನಿಯ ಒಳಪದರ ಸೀಳಿತ್ತು.

ಅಂದು ಇದಕ್ಕೆ ಮದ್ದಿರಲಿಲ್ಲ. 1954ರಲ್ಲಿ ಅಮೆರಿಕದ ಡಾ. ಡಿಬೇಕಿ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯ ದಾರಿ ತೋರಿದರು. ಎದೆಯಲ್ಲೋ ಬೆನ್ನಿನಲ್ಲೋ ಹಠಾತ್ತನೆ ಸೀಳಿದಂತಹ ನೋವೆದ್ದರೆ, ಅದರಲ್ಲೂ ರಕ್ತದೊತ್ತಡವುಳ್ಳವರಿಗೆ, ವಾಯುವೆಂದು ಕಷಾಯ ಕುಡಿಸಿ ಕಾಯುವುದು ಬೇಡ. ಕೂಡಲೇ ದೊಡ್ಡಾಸ್ಪತ್ರೆಗೆ ಒಯ್ಯೋಣ. ದೊರೆಗೆ ಇಲ್ಲದಿದ್ದ ಅವಕಾಶ ಇಂದು ನಮಗಿದೆ.