ನಕ್ಷತ್ರಗಳ ರೋಹಿತವನ್ನೋದಿದ ವಿಲಿಯಮಿನಾ ಫ್ಲೆಮಿಂಗ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ವಿಜ್ಞಾನಿಯೊಬ್ಬರ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹದಿನಾಲ್ಕರ ವಯಸ್ಸಿನಲ್ಲಿ ತಾನು ಓದುತ್ತಲೇ ಕಿರಿಯರಿಗೆ ಪಾಠ ಹೇಳತೊಡಗಿದ ಹುಡುಗಿಯೊಬ್ಬಳು ನನ್ನ ಕಣ್ಣ ಮುಂದೆ ಬಂದಳು. ಉಪಾಧ್ಯಾಯರಿಲ್ಲದ ದಿನ ಕೆಳಗಿನ ತರಗತಿಗೆ ಹೋಗಿ ಮಗ್ಗಿ ಹೇಳಿಸಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಆಕೆ ಅಪರಿಚಿತಳೆನಿಸಲಾರಳು.

ವಿಲಿಯಮಿನಾ 1857ರ ಮೇ 15ರಂದು ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ ಜನಿಸಿದರು. 1877ರಲ್ಲಿ ಜೇಮ್ಸ್ ಫ್ಲೆಮಿಂಗರೊಡನೆ ವಿವಾಹವಾಯಿತು; ಮರುವರ್ಷ ದಂಪತಿಗಳು ಅಮೆರಿಕದ ಬಾಸ್ಟನ್ನಿಗೆ ತೆರಳಿದರು. ಅಲ್ಲಿ ಪತಿ ಗರ್ಭಿಣಿ ಪತ್ನಿಯನ್ನು ತೊರೆದುಹೋದರು. ಜೀವನೋಪಾಯಕ್ಕಾಗಿ ಆಕೆ ಹಾರ್ವರ್ಡ್ ವೇಧಶಾಲೆಯ ನಿರ್ದೇಶಕ ಎಡ್ವರ್ಡ್ ಪಿಕರಿಂಗರ ಮನೆಗೆಲಸಕ್ಕೆ ಸೇರಿದರು. ಆಕೆಯ ಬುದ್ಧಿಶಕ್ತಿಯನ್ನು ಕಂಡ ಪಿಕರಿಂಗರು 1881ರಲ್ಲಿ ವೇಧಶಾಲೆಯಲ್ಲಿಯೇ ಕಾಯಂ ಕೆಲಸ ಕೊಟ್ಟರು.

ಆ ಕೆಲಸವೆಂತಹುದೆಂದು ಕೊಂಚ ವಿವರಿಸಬೇಕು. ದೂರದರ್ಶಕದ ಮುಂದೆ ಪಟ್ಟಕವೊಂದನ್ನಿಟ್ಟು ಆಕಾಶದ ಛಾಯಾಚಿತ್ರ ತೆಗೆದರೆ ಪ್ರತಿಯೊಂದು ನಕ್ಷತ್ರವೂ ಚುಕ್ಕೆಯಾಗದೆ ಪುಟ್ಟ ಪಟ್ಟಿಯಾಗಿ ಮೂಡುತ್ತದೆ. ಅದೇ ರೋಹಿತ. ಒಂದೇ ಗಾಜಿನ ಫಲಕದಲ್ಲಿ ಇಂತಹವು ನೂರಾರು. ಅವುಗಳ ನಡುವೆ ಕೆಲವದರಲ್ಲಿ ಮಾತ್ರ ಉಜ್ಜ್ವಲ ರೇಖೆಗಳಿರುತ್ತವೆ. ಬಿಸಿಯಾದ ಅನಿಲ ತಾನೇ ಬೆಳಗುತ್ತಿರುವುದರ ಗುರುತು ಅದು. ಫಲಕ ನೆಗೆಟಿವ್ ಆದುದರಿಂದ ಅಲ್ಲಿ ಆ ರೇಖೆ ಕಪ್ಪಾಗಿ ಕಾಣುತ್ತದೆ! ಜಲಜನಕದ ಇಂತಹ ರೇಖೆಯುಳ್ಳ ಕೆಂಪು ತಾರೆ ಸಿಕ್ಕಿದೊಡನೆ ಶ್ರೀಮತಿ ಫ್ಲೆಮಿಂಗರು ಅದೇ ಪ್ರದೇಶದ ಹಳೆಯ ಫಲಕಗಳನ್ನು ತೆಗೆದು ಕಾಂತಿಯನ್ನು ಹೋಲಿಸುತ್ತಿದ್ದರು. ಏರಿಳಿತ ಕಂಡರೆ ಅದು ಚಂಚಲ ತಾರೆ. ಈ ಬಗೆಯ ಶೋಧದಿಂದ ಅವರಿಗೆ ದೊರೆತ ಚಂಚಲ ತಾರೆಗಳು ಮುನ್ನೂರಕ್ಕೂ ಹೆಚ್ಚು; ನೋವಾಗಳು ಹತ್ತು.

ದೇವಯಾನಿ ಪುಂಜದ 'ಝಡ್' ತಾರೆಯ ವಿಲಕ್ಷಣ ರೋಹಿತವನ್ನು ಗುರುತಿಸಿದವರೂ ಅವರೇ. ಅದು ಒಂಟಿ ತಾರೆಯಲ್ಲ, ಕೆಂಪು ದೈತ್ಯ ಮತ್ತು ಶ್ವೇತ ಕುಬ್ಜ ಸುಮಾರು ಎರಡು ವರ್ಷಗಳಿಗೊಮ್ಮೆ ಪರಸ್ಪರ ಸುತ್ತುವ ಯಮಳವೆಂದು ಅವರ ಕಾಲಾನಂತರವೇ ತಿಳಿಯಿತು. ದೈತ್ಯನಿಂದ ಹೊರಟ ಅನಿಲವನ್ನು ಕುಬ್ಜದ ತಾಪ ಬೆಳಗಿಸುತ್ತದೆ. ಉರಗಧರ ಪುಂಜದ 'ಆರ್‌ಎಸ್' ಇಂತಹುದೇ ಇನ್ನೊಂದು ಜೋಡಿ. ಅದರ 1898ರ ಸ್ಫೋಟ ಹಾರ್ವರ್ಡಿನ ಫಲಕಗಳಲ್ಲಿ ಪತ್ತೆಯಾಯಿತು. 1985, 2006 ಮತ್ತು 2021ರಲ್ಲೂ ಅದು ಸಿಡಿದಿದೆ.

ದುಡಿಮೆಗೆ ತಕ್ಕ ಹೆಸರು ಬಂದಿತೇ? 1890ರಲ್ಲಿ 10,351 ತಾರೆಗಳ ರೋಹಿತಗಳ ಪಟ್ಟಿ ಹೊರಬಂದಿತು. ವರ್ಗೀಕರಣದ ಬಹುಭಾಗ ಆಕೆಯದು, ಗ್ರಂಥಕರ್ತರ ಹೆಸರು ಪಿಕರಿಂಗರದು. ಮಹಾವ್ಯಾಧದ ಪ್ರಸಿದ್ಧ ಕುದುರೆತಲೆ ನೀಹಾರಿಕೆಯನ್ನು 1888ರ ಫಲಕವೊಂದರಲ್ಲಿ ಮೊದಲು ಕಂಡವರೂ ಆಕೆ. ಸೂಚಿಯಲ್ಲಿ ನಮೂದಾದುದು ಪುನಃ ಪಿಕರಿಂಗರ ಹೆಸರೇ. ತಮಗೆ ವರ್ಷಕ್ಕೆ 1,500 ಡಾಲರ್, ಪುರುಷ ಸಹಾಯಕರಿಗೆ 2,500 ಡಾಲರ್ ಎಂಬ ಸಂಕಟವನ್ನು 1900ರ ದಿನಚರಿಯಲ್ಲಿ ಆಕೆ ತೋಡಿಕೊಂಡಿದ್ದಾರೆ. ಮಗನನ್ನು ಓದಿಸಬೇಕು, ಮನೆ ನಡೆಸಬೇಕು. ಹಾಗೆಂದು ಕೆಲಸದಲ್ಲಿ ಕೊರತೆ ಮಾಡಲಿಲ್ಲ. ಪಿಕರಿಂಗರ ಬಗ್ಗೆ ಆಕೆಗಿದ್ದ ಗೌರವವೂ ಕುಂದಲಿಲ್ಲವೆಂಬುದು ನನಗೆ ಇಂದಿಗೂ ಸೋಜಿಗ.

1899ರಲ್ಲಿ ಆಕೆ ಛಾಯಾಫಲಕ ಸಂಗ್ರಹದ ಪಾಲಕಿಯಾಗಿ ನೇಮಕಗೊಂಡರು. 1906ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಗೌರವ ಸದಸ್ಯತ್ವವಿತ್ತಿತು. 1911ರ ಮೇ 21ರಂದು ನ್ಯುಮೋನಿಯಾದಿಂದ ಬಾಸ್ಟನ್ನಿನಲ್ಲಿ ನಿಧನರಾದರು. ಫಲಕಗಳ ಹೊಣೆಯನ್ನು ಆನಿ ಕ್ಯಾನನ್ ಎಂಬ ಸಹೋದ್ಯೋಗಿ ವಹಿಸಿಕೊಂಡರು.