ಅಂಗಡಿಗೂ ಒಂದು ಧರ್ಮ ಇದೆ ಅಂದ ಕಮಲಾದೇವಿ

ನಮ್ಮ ಬಳಗದಲ್ಲಿ ಮುಕ್ಕಾಲು ಪಾಲು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು. ಅಟ್ಟದ ಮೇಲೆ ಕಾಯಿ ವರ್ಷದ ಹತ್ತಿರ ಒಣಗಿ ಉಂಡೆ ಕೊಬ್ಬರಿ ಆಗೋದನ್ನ ನೋಡ್ಕೊಂಡೇ ಬೆಳೆದವರು ನಾವು. ಕಾಯಿ ನಮ್ಮದು, ಅಟ್ಟ ನಮ್ಮದು, ಆದ್ರೆ ತಿನ್ನೋರು ಇರೋದು ಉತ್ತರ ಭಾರತದಲ್ಲಿ. ಅಲ್ಲಿಗೆ ತಲುಪೋ ಹೊತ್ತಿಗೆ ಎಷ್ಟು ಕೈ ದಾಟುತ್ತೋ, ಬೆಳೆದವರಿಗೆ ಗೊತ್ತಾಗಲ್ಲ. ನೇಕಾರರ ಪಾಡೂ ಇದೇ. ಸೀರೆ ನೇಯೋದು ಹಳ್ಳಿಯಲ್ಲಿ, ಉಡೋದು ಪಟ್ಟಣದಲ್ಲಿ. ಈ ದೂರ ಕಡಿಮೆ ಮಾಡೋಕೆ ಅಂಗಡಿಯನ್ನೇ ದಾರಿ ಮಾಡಿಕೊಂಡವರು ಕಮಲಾದೇವಿ ಚಟ್ಟೋಪಾಧ್ಯಾಯ. ಈ ಸಲ ಅವರ ಕಥೆ ಹೇಳ್ತೀವಿ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಏಳನೇ ವಯಸ್ಸಿಗೇ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿ ಮತ್ತು ಮಗಳಿಗೆ ಉಳಿದದ್ದು ಜೀವನಾಂಶ ಮಾತ್ರ. ಆ ತಾಯಿ ಅದನ್ನೂ ಬೇಡ ಅಂದುಬಿಟ್ಟರು. ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷಕ್ಕೆ ವೈಧವ್ಯ. ಅಲ್ಲಿಗೆ ಬದುಕು ಮುಗೀತು ಅಂತ ಊರು ಅಂದುಕೊಳ್ಳೋ ಕಾಲ ಅದು. ಕಮಲಾದೇವಿ ಮದರಾಸಿಗೆ ಹೋಗಿ ಓದಿದರು, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು, ಲಂಡನ್ನಿಗೂ ಹೋಗಿ ಬಂದರು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಸ್ವಲ್ಪ ಮತಗಳಲ್ಲಿ ಸೋತರು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬೈ ಷೇರುಪೇಟೆಗೇ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು, ಜೈಲಿಗೆ ಹೋದರು. ಅವರ ಮೊದಲ ವ್ಯಾಪಾರ ಇದೇ ಅಂತ ನಾವು ತಮಾಷೆ ಮಾಡ್ತೀವಿ.

ನಿಜವಾದ ವ್ಯಾಪಾರ ಶುರುವಾಗಿದ್ದು ದೇಶ ಒಡೆದ ಮೇಲೆ. ಗಡಿಯಾಚೆಯಿಂದ ಎಲ್ಲ ಕಳಕೊಂಡು ಬಂದ ನಿರಾಶ್ರಿತರಿಗಾಗಿ 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ದೆಹಲಿ ಹತ್ತಿರದ ಫರೀದಾಬಾದ್ ಪಟ್ಟಣ ಎದ್ದು ನಿಲ್ಲೋದರಲ್ಲಿ ಈ ಯೂನಿಯನ್ನಿನ ಪಾಲು ದೊಡ್ಡದು. ದಾನ ಕೊಟ್ಟರೆ ನಾಳೆಗೆ ಮುಗಿಯುತ್ತೆ, ಕೆಲಸ ಕೊಟ್ಟರೆ ಉಳಿಯುತ್ತೆ ಅನ್ನೋದು ಅವರ ನಂಬಿಕೆ. ಆದ್ರೆ ಕೈಯಲ್ಲಿ ಮಾಡಿದ್ದಕ್ಕೆ ಕೊಳ್ಳುವವರೂ ಬೇಕಲ್ಲ?

ಅದಕ್ಕೆ ಉತ್ತರ ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ. 1952ರಲ್ಲಿ ಅದನ್ನು ನಡೆಸುವ ಹೊಣೆ ಯೂನಿಯನ್ನಿಗೆ ಬಂತು. ಅದೇ ವರ್ಷ ಕಮಲಾದೇವಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯೂ ಆದರು. ಗಿರಣಿ ಬಟ್ಟೆ ಅಗ್ಗಕ್ಕೆ ಸಿಗ್ತಿದ್ದ ದಿನಗಳವು. ಕೈಮಗ್ಗದ ಸೀರೆ ಹಳೇಕಾಲದ್ದು ಅಂತ ಮೂಗು ಮುರಿಯೋರ ಮುಂದೆಯೇ ದೇಶದ ಮೂಲೆಮೂಲೆಯ ನೇಯ್ಗೆಯನ್ನು ಒಂದೇ ಸೂರಿನಡಿ ಇಟ್ಟರು. ಮಾರಿದರಷ್ಟೇ ಸಾಲದು, ಕೊಳ್ಳುವವರಿಗೆ ಏನು ಬೇಕು ಅನ್ನೋದು ಮಗ್ಗದವರೆಗೂ ವಾಪಸ್ ಹೋಗಬೇಕು. ಅದಕ್ಕಾಗಿ ಮಂಡಳಿ ವಿನ್ಯಾಸ ಕೇಂದ್ರಗಳನ್ನು ತೆರೆಯಿತು. ನಮ್ಮ ಬೆಂಗಳೂರಿಗೂ ಒಂದು ಬಂತು. ಎಂಜಿನಿಯರಿಂಗ್ ಓದೋ ನಮಗೆ ಇದು ಫೀಡ್‌ಬ್ಯಾಕ್ ಲೂಪ್ ಅಂತ ಕಾಣುತ್ತೆ. ಅದು ತುಂಡಾದರೆ ಅಂಗಡಿ ನಡೆಯಬಹುದು, ಮಗ್ಗ ನಿಂತುಹೋಗುತ್ತೆ.

ಅಂಗಡಿ ಬೆಳೆಯಿತು. ದೆಹಲಿ ಜೊತೆಗೆ ಮುಂಬೈ, ಕೋಲ್ಕತ್ತಾ, ಚೆನ್ನೈ, ಬೆಂಗಳೂರಲ್ಲೂ ಮಳಿಗೆಗಳಾದವು. ಬೆಳೀತಾ ಕೈಯೂ ಬದಲಾಯಿತು. ಸಹಕಾರಿಗಳು ನಡೆಸಿದ್ದು ಮತ್ತೆ ಸರ್ಕಾರಕ್ಕೆ ಹೋಗಿ, 1976ರಲ್ಲಿ ಸರ್ಕಾರಿ ನಿಗಮವಾಯಿತು. ಸರ್ಕಾರದ ಕೈಗಿಂತ ಮಾಡುವವರ ಸ್ವಂತ ಸಂಘವೇ ಗಟ್ಟಿ ಅಂತ ನಂಬಿದ್ದ ಕಮಲಾದೇವಿಯವರ ಬದುಕಿನಲ್ಲಿ ಇದು ಸಣ್ಣ ತಿರುವೇನಲ್ಲ. ಗೆಲುವೋ ಸೋಲೋ? ನಮ್ಮಲ್ಲೇ ಈ ವಾದ ಇನ್ನೂ ಮುಗಿದಿಲ್ಲ. ಮಳಿಗೆ ಉಳಿಯಿತು, ಸಾವಿರಾರು ಕೈಗಳಿಗೆ ಪೇಟೆ ಸಿಕ್ಕಿತು ಅಂತ ಕೆಲವರು. ನಡೆಸುವ ಹಕ್ಕು ಮಾಡುವವರ ಕೈತಪ್ಪಿತಲ್ಲ ಅಂತ ಉಳಿದವರು.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ಕಮಲಾದೇವಿ ತೀರಿಕೊಂಡರು.

ಈಗ ಯಾವ ಊರಿಗೆ ಹೋದರೂ ಬಟ್ಟೆ ಮಳಿಗೆಗಳ ಸಾಲು. ಎಷ್ಟು ಶಾಖೆ, ಎಷ್ಟು ಮಹಡಿ ಅಂತ ಎಣಿಸ್ತೀವಿ. ಕಮಲಾದೇವಿ ಎಣಿಸಿದ್ದು ಆ ಕಡೆಯಿಂದ: ಗಲ್ಲಾಪೆಟ್ಟಿಗೆಗೆ ಬಿದ್ದ ರೂಪಾಯಿಯಲ್ಲಿ ಎಷ್ಟು ಮಗ್ಗದ ಮನೆಗೆ ವಾಪಸ್ ಹೋಯಿತು ಅಂತ. ಮುಂದಿನ ವಾರ ಊರಿಗೆ ಹೋದಾಗ ಅಟ್ಟದ ಕೊಬ್ಬರಿ ನೋಡಿ ನಾವೂ ಅದೇ ಲೆಕ್ಕ ಹಾಕಬೇಕು ಅಂದುಕೊಂಡಿದ್ದೀವಿ.